ಮೆಟ್ಟಿಲ ಮೇಲಿನ ಬದನೇಕಾಯಿ

ಅಕ್ಕ ಯಾವುದನ್ನಾದರೂ ಗಮನವಿಟ್ಟು ನೋಡುವಾಗ ಎಡಗಣ್ಣನ್ನು ಅರ್ಧ ಮುಚ್ಚುತ್ತಿದ್ದರು. ಬದುಕಿನುದ್ದಕ್ಕೂ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಬಂದ ಅಭ್ಯಾಸ. ಲಂಡನ್ನಿನ ಕೆಂಟನ್ ಬಡಾವಣೆಯ ಗುಜರಾತಿ ಅಂಗಡಿಯಲ್ಲಿ ಬೆಂಡೆಕಾಯಿ ಆರಿಸುವಾಗಲೂ ಹಾಗೆಯೇ, ಕೌನ್ಸಿಲಿನಿಂದ ಬಂದ ಕಾಗದ ಓದುವಾಗಲೂ ಹಾಗೆಯೇ. ನಾನು ಮದುವೆಯಾಗಲಿದ್ದ ಹುಡುಗನನ್ನು ಮೊದಲ ಸಲ ಅವರ ಮನೆಗೆ ಕರೆದುಕೊಂಡು ಹೋದಾಗ ಅವನನ್ನು ಸೋಫಾದ ಮೇಲೆ ಕೂರಿಸಿ ಅದೇ ರೀತಿ ನೋಡಿದ್ದರು. "ಅವರು ನನ್ನನ್ನು ನೋಡಿದ್ದಲ್ಲ ಮಾರಾಯ್ತಿ, ಬಯಾಪ್ಸಿ ಮಾಡಿದ್ದು" ಎಂದು ನನ್ನ ಗಂಡ ಈಗಲೂ ಹೇಳುವುದುಂಟು.

ಆ ಅಕ್ಕ ಈ ವರ್ಷ ಏಪ್ರಿಲಿನಲ್ಲಿ ತೀರಿಕೊಂಡರು. ಕ್ರಿಮೆಟೋರಿಯಮ್ಮಿನಲ್ಲಿ ಮಾತಾಡಿದವರೆಲ್ಲ ಅವರ ಧೈರ್ಯವನ್ನು ಹೊಗಳಿದರು, ಮುಖ ನೋಡದೆ ನಿಜ ಹೇಳುವ ಗುಣವನ್ನು ಹೊಗಳಿದರು, ಮೂಢನಂಬಿಕೆ ಎಂದರೆ ಅವರಿಗೆ ಆಗುತ್ತಿರಲಿಲ್ಲ ಎಂದರು. ಅದರಲ್ಲಿ ಒಂದೂ ಸುಳ್ಳಲ್ಲ. ಆದರೆ ಅವರು ತಮ್ಮ ಬಗ್ಗೆ ಯಾವುದನ್ನು ನೆನೆದು ತಲೆ ತಗ್ಗಿಸುತ್ತಿದ್ದರೋ ಅದು ಅಲ್ಲಿ ಬರಲಿಲ್ಲ. ಅದನ್ನು ಪೂರ್ತಿ ಬಲ್ಲ ನಾನು ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತಿದ್ದೆ.

ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ. ಅವರು ಧಾರವಾಡದವರು, ಇಲ್ಲಿಯ ಆಸ್ಪತ್ರೆಯಲ್ಲಿ ಪೆಥಾಲಜಿಸ್ಟ್. ರೋಗಿಯ ಮೈಯಿಂದ ತೆಗೆದ ಚೂರನ್ನು ಗಾಜಿನ ಮೇಲಿಟ್ಟು ನೋಡಿ, ಕೆಟ್ಟ ರೋಗ ಹೌದೋ ಅಲ್ಲವೋ ಹೇಳುವುದು ಅವರ ಕೆಲಸ. ನಾನು ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರ ಮನೆಯವಳು, ತೊಂಬತ್ತರ ದಶಕದ ಕೊನೆಗೆ ನರ್ಸ್ ಕೆಲಸಕ್ಕೆಂದು ಲಂಡನ್ನಿಗೆ ಬಂದವಳು. ಕೆಂಟನ್ನಿನಲ್ಲಿ ಕನ್ನಡದ ಡಾಕ್ಟರೊಬ್ಬರ ಮನೆಯಲ್ಲಿ ಒಂದು ಸಣ್ಣ ಕೋಣೆ ಖಾಲಿ ಇದೆ ಎಂದು ಯಾರೋ ಹೇಳಿದ್ದಕ್ಕೆ, ಸೂಟ್‌ಕೇಸ್ ಎಳೆದುಕೊಂಡು ಹೋಗಿ ಬೆಲ್ ಒತ್ತಿದೆ.

"ಕನ್ನಡ ಬರ್ತದೇನ?" ಬಾಗಿಲು ತೆರೆದವರ ಮೊದಲ ಪ್ರಶ್ನೆ.

"ಬರ್ತದೆ ಡಾಕ್ಟ್ರೇ. ಮನೆಯಲ್ಲಿ ಕೊಂಕಣಿ, ಆದರೆ ಶಾಲೆಯಲ್ಲೆಲ್ಲ ಕನ್ನಡವೇ."

"ನೀ ಮಾತಾಡಿದ್ರ ಪಾಠ ಒಪ್ಪಿಸಿದಂಗ ಆಗ್ತದವಾ. ಇರ್ಲಿ, ಒಳಗ ಬಾ. ಡಾಕ್ಟರು ದವಾಖಾನ್ಯಾಗ. ಮನ್ಯಾಗ ಅಕ್ಕಾ ಅನ್ನು."

ಅವರ ಯಜಮಾನರೂ ಡಾಕ್ಟರೇ. ವೇಲ್ಸಿನಲ್ಲಿ ಕೆಲಸ, ಶನಿವಾರ ಬಂದು ಸೋಮವಾರ ಹೋಗುತ್ತಿದ್ದರು. ಒಬ್ಬಳೇ ಮಗಳು, ಮದುವೆಯಾಗಿ ಎಜ್‌ವೇರಿನಲ್ಲಿದ್ದಳು. ಹಾಗಾಗಿ ವಾರವೆಲ್ಲ ಆ ಮನೆಯಲ್ಲಿ ನಾವಿಬ್ಬರೇ. ಅಕ್ಕ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ನಿಂತು ಅವರ ಕೆಲಸದ ಬಗ್ಗೆ ಕೇಳಿದರೆ ಅವರ ಬಾಯಿಂದ ಬರುತ್ತಿದ್ದ ಮಾತು ಒಂದೇ: "ಗಾಜಿನ ಮ್ಯಾಲೆ ಏನದನೋ ಅಷ್ಟ ಹೇಳಬೇಕು. ಇಲ್ಲದ್ದು ಹೇಳಬಾರದು, ಇದ್ದದ್ದು ಬಿಡಬಾರದು." ಈ ಮಾತನ್ನು ಅವರು ರೋಗದ ಬಗ್ಗೆ ಮಾತ್ರ ಅನ್ನುತ್ತಿರಲಿಲ್ಲ. ನನ್ನ ಮೀನು ಸಾರಿನ ಬಗ್ಗೆಯೂ ಹಾಗೆಯೇ ವರದಿ ಕೊಡುತ್ತಿದ್ದರು. ತಿನ್ನದಿದ್ದರೂ ವಾಸನೆಯ ಮೇಲೆ.

ಶಾಲೆಯೊಂದರ ಹಾಲಿನಲ್ಲಿ ಕನ್ನಡಿಗರು ಸೇರಿದ್ದ ದಿನ ಊರಿನಿಂದ ಬಂದ ಜ್ಯೋತಿಷಿಯೊಬ್ಬರು ಎಲ್ಲರ ಕೈ ನೋಡುತ್ತಿದ್ದರು. ಅಕ್ಕನೂ ಸಾಲಿನಲ್ಲಿ ನಿಂತರು. ತಮ್ಮ ಸರದಿ ಬಂದಾಗ ಕೈ ಚಾಚಿ, "ಮುಂದಿಂದು ಬ್ಯಾಡ್ರಿ. ಇವತ್ತ ಮುಂಜಾನೆ ನಾ ಏನ ತಿಂದೀನಿ ಅಷ್ಟ ಹೇಳ್ರಿ" ಎಂದರು. ಜ್ಯೋತಿಷಿ ಅವರ ಮುಖ ನೋಡಿ, "ಉಪ್ಪಿಟ್ಟು" ಎಂದರು. ಅಕ್ಕ ತಿಂದದ್ದು ನಿಜಕ್ಕೂ ಉಪ್ಪಿಟ್ಟೇ. "ಧಾರವಾಡದವರನ್ನ ನೋಡಿದ್ರ ಅಷ್ಟು ಯಾರು ಬೇಕಾದ್ರೂ ಹೇಳ್ತಾರ" ಎಂದು ಬಯ್ಯುತ್ತ ಎದ್ದು ಬಂದರು. ಕಾರಿನಲ್ಲಿ ಮನೆ ಮುಟ್ಟುವವರೆಗೂ ಅದೇ ಸಿಟ್ಟು.

ಇಂಥ ಅಕ್ಕನ ಮಗಳು ಬಸುರಿಯಾದಳು. ಅದಕ್ಕೆ ಮುಂಚೆ ಒಂದು ಮಗು ಹೊಟ್ಟೆಯಲ್ಲೇ ಹೋಗಿತ್ತು, ಹಾಗಾಗಿ ಅಕ್ಕ ಅವಳನ್ನು ಕೆಂಟನ್ನಿಗೇ ಕರೆಸಿಕೊಂಡರು. ಆ ಆಗಸ್ಟಿನಲ್ಲಿ ಇಂಗ್ಲೆಂಡಿಗೆಲ್ಲ ಕಾಣುವಂಥ ಸೂರ್ಯಗ್ರಹಣ ಬಂತು. ಗೊತ್ತಿದ್ದ ಕನ್ನಡದ ಮನೆಗಳಿಂದೆಲ್ಲ ಫೋನು: ಮಗಳನ್ನು ಹೊರಗೆ ಬಿಡಬೇಡಿ, ಪರದೆ ಎಳೆಯಿರಿ, ಏನೂ ತಿನ್ನಿಸಬೇಡಿ, ಚಾಕು ಮುಟ್ಟಿಸಬೇಡಿ. ಅಕ್ಕನಿಗೆ ಹಟ ಬಂತು. ಮಗಳನ್ನು ಹಿತ್ತಲಿನ ಹುಲ್ಲಿನ ಮೇಲೆ ಕುರ್ಚಿ ಹಾಕಿ ಕೂರಿಸಿ, ಕಣ್ಣಿಗೆ ಕಾಗದದ ಕಪ್ಪು ಕನ್ನಡಕ ಕೊಟ್ಟು, ಕೈಗೆ ಚಾಕು ಕೊಟ್ಟು, ಮಾವಿನಹಣ್ಣು ಹೆಚ್ಚಿಸಿ ತಿನ್ನಿಸಿದರು. ಹಗಲು ಮಂಕಾಗಿ ಹಕ್ಕಿಗಳೆಲ್ಲ ಸುಮ್ಮನಾದಾಗ ನಾನು ಜಪಸರ ಹಿಡಿದುಕೊಂಡು ಒಳಗೆ ನಿಂತಿದ್ದೆ. "ಬಾರವಾ ಹೊರಗ, ಸೂರ್ಯ ಏನ್ ಕಚ್ಚತಾನೇನ!" ಎಂದು ನಕ್ಕರು.

ಮರುದಿನ ಮಗಳಿಗೆ ಹೊಟ್ಟೆ ನೋವು ಬಂತು. ಆಸ್ಪತ್ರೆಯಲ್ಲಿ ಎಲ್ಲ ನೋಡಿ, ಏನೂ ಇಲ್ಲ, ಮಲಗಿರಲಿ ಎಂದು ಕಳಿಸಿದರು. ಅಕ್ಕ ಮಾವಿನಹಣ್ಣಿನ ಸಿಪ್ಪೆ ಬಿದ್ದ ಜಾಗವನ್ನು ಹಿತ್ತಲಿಗೆ ಹೋಗಿ ಒಮ್ಮೆ ನೋಡಿ ಬಂದರು. ಹೆದರಿಕೆ ಒಳಗೆ ಕಾಲಿಟ್ಟದ್ದು ಆಗ ಎಂದು ನನಗೆ ಈಗ ಅನ್ನಿಸುತ್ತದೆ.

ಅದರ ಮರುಸಂಜೆಯ ಮಾತು. ನಾನೂ ಅಕ್ಕನೂ ಸ್ಟೇಷನ್ನಿನಲ್ಲಿ ಒಟ್ಟಿಗೇ ಇಳಿದು ನಡೆದು ಬಂದೆವು. ಬಿಸಿಲು ಇನ್ನೂ ಇತ್ತು. ನಮ್ಮದು ಎರಡು ಮನೆ ಅಂಟಿಕೊಂಡ ಕಟ್ಟಡ, ಎರಡು ಬಾಗಿಲೂ ಅಕ್ಕಪಕ್ಕ, ಮುಂದೆ ಒಂದೇ ಕಲ್ಲಿನ ಮೆಟ್ಟಿಲು. ಆ ಮೆಟ್ಟಿಲ ಮೇಲೆ ಒಂದು ಮಣ್ಣಿನ ತಟ್ಟೆಯಲ್ಲಿ ಕಡ್ಡಿ ಸುಟ್ಟ ಕರಿ ಬೂದಿ. ಪಕ್ಕದಲ್ಲಿ ಅಗಲವಾದ ಎಲೆ, ಎಲೆಯ ಮೇಲೆ ತೊಳೆದ ಹಸಿ ಅಕ್ಕಿ, ಅದರಲ್ಲಿ ಬೆರೆಸಿದ ಸಣ್ಣ ಸಣ್ಣ ತರಕಾರಿ ಚೂರು. ಅದರ ಮುಂದೆ ಒಂದು ಬದನೇಕಾಯಿ, ನಾಲ್ಕು ಕಡ್ಡಿ ಚುಚ್ಚಿ ನಿಲ್ಲಿಸಿದ್ದು. ಒಂದು ಸೌತೆಕಾಯಿ, ಅದಕ್ಕೂ ನಾಲ್ಕು ಕಡ್ಡಿ. ಎರಡರ ಮುಖವೂ ನಮ್ಮ ಬಾಗಿಲ ಕಡೆ.

ಅಕ್ಕ ಎಡಗಣ್ಣು ಅರ್ಧ ಮುಚ್ಚಿದರು. ಆಮೇಲೆ ಎರಡನ್ನೂ ತೆರೆದರು.

"ಅಕ್ಕ, ಇದೆಂಥದು?"

"ಮುಟ್ಟಬ್ಯಾಡ."

"ಯಾರೋ ಮಕ್ಕಳು ಆಡಿದ್ದು ಕಾಣ್ತದೆ..."

"ಮುಟ್ಟಬ್ಯಾಡ ಅಂದ್ನೆಲ್ಲ!"

ಮೂರು ದಾರಿ ಕೂಡುವಲ್ಲಿ ಕುಂಕುಮ ಬಳಿದ ನಿಂಬೆಹಣ್ಣು ಬಿದ್ದಿದ್ದರೆ ಸುತ್ತಿ ಬಳಸಿ ಹೋಗುವ ಊರುಗಳಿಂದ ಬಂದವರು ನಾವಿಬ್ಬರೂ. ತರಕಾರಿಗೆ ಕಡ್ಡಿ ಚುಚ್ಚಿ, ಅಕ್ಕಿ ಹಾಕಿ, ಬೆಂಕಿ ಹಚ್ಚಿ, ಬಸುರಿಯಿರುವ ಮನೆಯ ಬಾಗಿಲಿಗೆ ಮುಖ ಮಾಡಿ ಇಟ್ಟಿದ್ದಾರೆ ಎಂದರೆ ಅದು ಮಾಟವೇ. ಬೇರೆ ಏನಾದರೂ ಇರಬಹುದು ಎಂದು ನಮ್ಮ ತಲೆಗೆ ಹೊಳೆಯಲೇ ಇಲ್ಲ. ನಾನು ಶಿಲುಬೆಯ ಗುರುತು ಹಾಕಿಕೊಂಡೆ. ಅಕ್ಕ ಹಿತ್ತಲ ಬಾಗಿಲಿನಿಂದ ಒಳಗೆ ಹೋಗಿ ಸಲಿಕೆ ತಂದರು, ನನಗೆ ಬಕೆಟ್ಟಿನಲ್ಲಿ ಅರಿಶಿನ ಕಲಸಿದ ನೀರು ತರಲು ಹೇಳಿದರು. ತಂದೆ. ಎಲ್ಲವನ್ನೂ ಸಲಿಕೆಯಲ್ಲಿ ಬಾಚಿ ಕಪ್ಪು ಚೀಲಕ್ಕೆ ತುಂಬಿ ಗಂಟು ಹಾಕಿ, ಮೆಟ್ಟಿಲು ಹಳದಿಯಾಗುವಂತೆ ನೀರು ಹೊಯ್ದೆವು. ಒಳಗೆ ಬಂದವರೇ ಹ್ಯಾರೋದಲ್ಲಿದ್ದ ಮೈಸೂರಿನ ಗೆಳತಿಗೆ ಫೋನು ಮಾಡಿ, ಇಂಥದಕ್ಕೆ ಏನು ಮಾಡಬೇಕು ಎಂದು ಕೇಳಿದರು. ಪಕ್ಕದ ಮನೆಯಾಕೆಯ ಮೇಲೆ ಅನುಮಾನ ಎಂದೂ ಹೇಳಿದರು, ನಾನೇ ಕೇಳಿದೆ. ಆಮೇಲೆ ಉಪ್ಪು, ಒಣಮೆಣಸಿನಕಾಯಿ ಹಿಡಿದು ಮಗಳ ತಲೆಯ ಸುತ್ತ ಇಳಿತೆಗೆದು ಗ್ಯಾಸಿನ ಮೇಲೆ ಸುಟ್ಟರು. ಸ್ಮೋಕ್ ಅಲಾರಂ ಬೊಬ್ಬೆ ಹೊಡೆಯಿತು.

"ಮಮ್, ವಾಟ್ ಆನ್ ಅರ್ಥ್?" ಎಂದು ಮಗಳು ಕೆಮ್ಮುತ್ತ ಕೇಳಿದಳು.

"ಒಗ್ಗರಣಿ ಹೊತ್ತಿತವಾ" ಎಂದರು ಅಕ್ಕ.

ಪಕ್ಕದ ಮನೆಯವರು ಜಪಾನಿನವರು. ಗಂಡ ಲಂಡನ್ನಿನ ಯಾವುದೋ ಕಂಪನಿಯಲ್ಲಿದ್ದು ನಿವೃತ್ತರಾಗಿ ಇಲ್ಲೇ ಉಳಿದವರು. ಎಷ್ಟೋ ವರ್ಷ ಗೋಡೆ ಹಂಚಿಕೊಂಡಿದ್ದರೂ ಗುಡ್ ಮಾರ್ನಿಂಗ್, ಇವತ್ತು ಚಳಿ, ಇವತ್ತು ಬಿಸಿಲು, ಇಷ್ಟೇ ಬಳಕೆ. ಆ ಮಾರ್ಚಿನಲ್ಲಿ ಗಂಡ ತೀರಿಕೊಂಡಿದ್ದರು. ನಾವು ಮೆಟ್ಟಿಲು ತೊಳೆದ ಮರುದಿನ ಬೆಳಿಗ್ಗೆ ಆಕೆ ನಮ್ಮ ಬೆಲ್ ಒತ್ತಿದರು. ಕೈಯಲ್ಲಿ ಒಂದು ತಟ್ಟೆ ಬಿಳಿ ಅಕ್ಕಿ ಉಂಡೆ. ಮೊದಲು ಬಗ್ಗಿ ಕ್ಷಮೆ ಕೇಳಿದರು, ಮೆಟ್ಟಿಲನ್ನು ಗಲೀಜು ಮಾಡಿದ್ದಕ್ಕೆ. ಅವರ ಇಂಗ್ಲಿಷ್ ನಿಧಾನ, ಒಂದೊಂದು ಶಬ್ದವನ್ನೂ ಇಳಿಸಿ ಇಡುವಂತೆ.

ಅವರು ಹೇಳಿದ್ದು ಇಷ್ಟು. ಅವರಲ್ಲಿ ಬೇಸಿಗೆಗೆ ಓಬೋನ್ ಎಂಬ ಹಬ್ಬ. ಆ ನಾಲ್ಕು ದಿನ ಸತ್ತವರು ಮನೆಗೆ ಬಂದು ಇದ್ದು ಹೋಗುತ್ತಾರೆ. ದಾರಿ ಕಾಣಲೆಂದು ಬಾಗಿಲಲ್ಲಿ ಸಣ್ಣ ಬೆಂಕಿ ಹಚ್ಚುತ್ತಾರೆ. ಬೇಗ ಬರಲೆಂದು ಸೌತೆಕಾಯಿಯ ಕುದುರೆ. ವಾಪಸು ಹೋಗುವಾಗ ನಿಧಾನವಾಗಿ, ಕೊಟ್ಟ ಬುತ್ತಿ ಹೊತ್ತುಕೊಂಡು ಹೋಗಲೆಂದು ಬದನೇಕಾಯಿಯ ಹಸು. "ನನ್ನ ಯಜಮಾನರಿಗೆ ಇದು ಮೊದಲನೆಯದು. ದಾರಿ ಗೊತ್ತಿರುವುದಿಲ್ಲವಲ್ಲ ಎಂದು ಬಾಗಿಲಲ್ಲೇ ಇಟ್ಟಿದ್ದೆ. ನಿಮಗೇನಾದರೂ ಕಂಡಿತೇ? ನರಿ ಎಲ್ಲ ಚೆಲ್ಲಾಡಿ ಒಯ್ದಿರಬೇಕು, ನೀವು ಮೆಟ್ಟಿಲು ತೊಳೆಯಬೇಕಾಯಿತು."

"ಹೌದು, ನರಿ" ಎಂದರು ಅಕ್ಕ. "ನಾನೇ ನೋಡಿದೆ."

ಹೊರಗಿನವರೊಬ್ಬರ ಎದುರು ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಕುದುರೆ ಹೋದರೆ ಚಿಂತೆಯಿಲ್ಲ, ಅವರು ಬಂದಾಗಿದೆ. ಹಸು ಮಾತ್ರ ಬೇಕು. ನಿಮ್ಮಲ್ಲಿ ಬದನೇಕಾಯಿ ಇದ್ದೀತೇ?"

ಅಕ್ಕ ಫ್ರಿಜ್ಜಿನಿಂದ ಎಣಗಾಯಿಗೆಂದು ತಂದಿಟ್ಟ ಗುಂಡು ಬದನೇಕಾಯಿಯೊಂದನ್ನು ತಂದುಕೊಟ್ಟರು. ಆಕೆ ಅದನ್ನು ಅಂಗೈಯಲ್ಲಿಟ್ಟು ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. "ಎಷ್ಟು ದಪ್ಪ ಹಸು! ಅವರು ಇನ್ನೂ ನಿಧಾನ ಹೋಗುತ್ತಾರೆ." ನನಗೂ ನಗು ಬಂತು, ಆದರೆ ಅಕ್ಕನ ಮುಖ ನೋಡಿ ನುಂಗಿಕೊಂಡೆ. ಆಕೆ ಹೋದ ಮೇಲೆ ಅಕ್ಕ ಉಂಡೆಯ ತಟ್ಟೆ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತೇ ಇದ್ದರು.

"ನಾ ಹೆದರಿದ್ನೆಲ್ಲವಾ" ಎಂದರು. "ಇಷ್ಟ ಓದಿ, ಎಷ್ಟ ಮಂದಿಗೆ ನಕ್ಕು, ಕಡೀಕ ಬದನೀಕಾಯಿಗೆ ಹೆದರಿದೆ."

ಅಕ್ಟೋಬರಿನಲ್ಲಿ ಆಕೆ ಹುಟ್ಟಲಿರುವ ಮಗುವಿಗೆಂದು ಹಳದಿ ಉಣ್ಣೆಯ ಟೋಪಿ ಹೆಣೆದು ತಂದರು. ನವೆಂಬರಿನಲ್ಲಿ ಮೊಮ್ಮಗಳು ಹುಟ್ಟಿದಳು, ತಾಯಿ ಮಗು ಇಬ್ಬರೂ ಗಟ್ಟಿಯಾಗಿದ್ದರು. ಅಲ್ಲಿಂದ ಎರಡು ಮನೆಯ ಬಳಕೆ ಬೆಳೆಯಿತು. ಮಗಳು ಮತ್ತೆ ಕೆಲಸಕ್ಕೆ ಹೋಗುವಾಗ ಕೆಂಟನ್ನಿನಲ್ಲಿ ಬಿಟ್ಟುಹೋಗುತ್ತಿದ್ದ ಮಗುವನ್ನು ಅಕ್ಕ ಇಲ್ಲದ ಹೊತ್ತಿನಲ್ಲೆಲ್ಲ ನೋಡಿಕೊಂಡವರು ಪಕ್ಕದ ಮನೆಯಾಕೆಯೇ. ಆ ಮಗು ಕನ್ನಡ ಕೇಳಿ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತ, ಇಬ್ಬರನ್ನೂ ಗ್ರ್ಯಾನ್ ಎಂದೇ ಕರೆಯುತ್ತ ಬೆಳೆಯಿತು. ನಾನು ಮದುವೆಯಾಗಿ ಸ್ಟ್ರಾಟ್‌ಫರ್ಡಿಗೆ ಹೋದೆ. ಆದರೂ ಆಗಸ್ಟಿನಲ್ಲೊಮ್ಮೆ ಕೆಂಟನ್ನಿಗೆ ಹೋಗುವುದನ್ನು ಬಿಡಲಿಲ್ಲ.

ಪ್ರತಿ ವರ್ಷ ಆ ಹಬ್ಬಕ್ಕೆ ಅಕ್ಕ ಅಂಗಡಿಯ ಬುಟ್ಟಿಯೆಲ್ಲ ಕೆದಕಿ, ಹುಳುಕಿಲ್ಲದ, ಹೊಳೆಯುವ, ತೊಟ್ಟು ಬಾಗಿದ ಬದನೇಕಾಯಿ ಆರಿಸಿ ಪಕ್ಕದ ಮನೆಗೆ ಕೊಡುತ್ತಿದ್ದರು. ಆಕೆ ಬಂದವರಿಗೆಲ್ಲ ಹೇಳುವರು: "ನನ್ನ ಇಂಡಿಯನ್ ಗೆಳತಿ. ನನ್ನ ಯಜಮಾನರನ್ನು ಒಂದು ವರ್ಷವೂ ಮರೆತಿಲ್ಲ." ಹಾಗಂದಾಗಲೆಲ್ಲ ಅಕ್ಕ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸುತ್ತಿದ್ದರು. ಹೊಗಳಿಕೆಗೆ ನಾಚುತ್ತಾರೆ ಎಂದು ಆಕೆ ತಿಳಿದುಕೊಂಡಿದ್ದರು.

ಒಂದು ವರ್ಷ ಅಕ್ಕ ತಡೆಯಲಾರದೆ ಅರ್ಧ ಹೇಳಿದರು. ನರಿ ಅಲ್ಲ, ಕಸ ಎಂದುಕೊಂಡು ನಾನೇ ಗುಡಿಸಿಬಿಟ್ಟೆ ಎಂದು. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಮುಖ ಗಂಭೀರ ಮಾಡಿಕೊಂಡು, ಮೊದಲೇ ಬಂದು ತಿಳಿಸಬೇಕಿತ್ತು, ತಪ್ಪು ನನ್ನದು ಎಂದು ಬಗ್ಗಿದರು. ಸಾಲದ್ದಕ್ಕೆ ಮರುದಿನ ಚೆಂದದ ಕಾಗದ ಸುತ್ತಿದ ಬಿಸ್ಕತ್ತಿನ ಡಬ್ಬಿ ತಂದುಕೊಟ್ಟು ಇನ್ನೊಮ್ಮೆ ಕ್ಷಮೆ ಕೇಳಿದರು. ಅಕ್ಕ ಆ ಡಬ್ಬಿಯನ್ನು ತೆರೆಯಲಿಲ್ಲ. "ಮಾಡದ ತಪ್ಪಿಗೆ ಆಕಿ ಕೈ ಮುಗೀತಾಳ, ಮಾಡಿದಾಕಿ ನಾ ಬಿಸ್ಕೀಟ್ ತಿನ್ನಬೇಕೇನ?" ಎಂದು ಫೋನಿನಲ್ಲಿ ನನಗೆ ಹೇಳಿ ಇಟ್ಟುಬಿಟ್ಟರು.

ಮೊಮ್ಮಗಳು ಶಾಲೆಗೆ ಹೋಗುವಷ್ಟು ದೊಡ್ಡವಳಾದ ಮೇಲೆ ಒಂದು ನವೆಂಬರಿನಲ್ಲಿ, ಅವಳ ಹುಟ್ಟುಹಬ್ಬಕ್ಕೆ ನಾನು ಹೋಗಿದ್ದೆ. ಪಕ್ಕದ ಮನೆಯಾಕೆಯೂ ಬಂದು ನಮ್ಮ ಜೊತೆ ಚಹಾ ಕುಡಿಯುತ್ತ ಕೂತಿದ್ದರು. ಆಗಷ್ಟೇ ಹ್ಯಾಲೋವೀನ್ ಕಳೆದಿತ್ತು, ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೂ ಹೋಗಿ ಮಿಠಾಯಿ ಕೇಳುವ ಸಂಜೆ.

"ಒಂದು ವಿಷಯ ನಿಮ್ಮನ್ನೇ ಕೇಳಬೇಕು" ಎಂದರು ಆಕೆ. "ಪ್ರತಿ ವರ್ಷ ಮಿಠಾಯಿ ತಂದಿಡುತ್ತೇನೆ. ಇಂಡಿಯನ್ ಮಕ್ಕಳು ನನ್ನ ಗೇಟಿನವರೆಗೆ ಬಂದು ಮುಂದಿನ ಮನೆಗೆ ಓಡುತ್ತಾರೆ. ನಾನು ಕೊಡುವುದು ಅವರಿಗೆ ಹಿಡಿಸುವುದಿಲ್ಲವೇನೋ. ಏನು ತಂದರೆ ಬಂದಾರು?"

ಅಕ್ಕನ ಕೈಯಲ್ಲಿದ್ದ ಕಪ್ಪು ಅಲ್ಲೇ ನಿಂತಿತು. ಆಕೆ ಎದ್ದು ಹೋದ ಕೂಡಲೇ ಹ್ಯಾರೋದ ಗೆಳತಿಗೆ ಫೋನು ಮಾಡಿದರು, ನನಗೂ ಕೇಳಲೆಂದು ಸ್ಪೀಕರ್ ಒತ್ತಿದರು. ಬದನೇಕಾಯಿಯ ಮಾತನ್ನು ಯಾರಿಗೆ ಹೇಳಿದಿರಿ ಎಂದು ಅಕ್ಕ ಕೇಳಿದ್ದಕ್ಕೆ ಆ ಕಡೆಯಿಂದ ನಗು. "ಅಯ್ಯೋ, ಅದಾ? ಇನ್ನೂ ನೆನಪಿಟ್ಕೊಂಡಿದೀರಾ? ನಾನೆಲ್ಲಿ ಯಾರಿಗ್ ಹೇಳ್ದೆ! ಒಂದಿಬ್ರಿಗೆ ಅಂದಿರ್ಬೋದು ಅಷ್ಟೆ. ಬೇರೆ ಯಾರಾದ್ರೂ ಅಂದಿದ್ರೆ ಜನ ನಂಬ್ತಿರ್ಲಿಲ್ಲ ಬಿಡಿ. ನಿಮ್ಮಂಥೋರೇ ಹೆದರಿದ್ರು ಅಂದ್ಮೇಲೆ ಏನೋ ಇರ್ಬೇಕು ಅಂದ್ಕೊಂಡ್ರು."

ಫೋನು ಇಟ್ಟು ಅಕ್ಕ ಬಹಳ ಹೊತ್ತು ಗೋಡೆಯನ್ನೇ ನೋಡಿದರು. ಆ ಗೋಡೆಯ ಆಚೆ ಆಕೆಯ ಮನೆ. ಆಮೇಲೆ ಎದ್ದು ಚಪ್ಪಲಿ ಮೆಟ್ಟಿದರು. "ನೀನೂ ಬಾ. ಒಬ್ಬಾಕಿನ ಹೋದ್ರ ಮತ್ತ ಸುಳ್ಳ ಹೇಳ್ತೀನಿ."

ಮೊಮ್ಮಗಳು ಆಗಲೇ ಆಕೆಯ ಅಡುಗೆಮನೆಯಲ್ಲಿ ಕಾಗದ ಮಡಿಸುತ್ತ ಕೂತಿದ್ದಳು. ಮುಂದಿನ ಕೋಣೆಯಲ್ಲಿ ನಾವು ಮೂವರು. ಅಕ್ಕ ನಿಂತೇ ಹೇಳಿದರು. ಇಂಗ್ಲಿಷಿನಲ್ಲಿ, ವರದಿ ಓದುವ ದನಿಯಲ್ಲಿ. "ನರಿ ಅಲ್ಲ. ಕಸ ಎಂದುಕೊಂಡದ್ದೂ ಅಲ್ಲ. ನೀವು ನನ್ನ ಮಗಳ ಹೊಟ್ಟೆಯ ಮಗುವಿಗೆ ಕೇಡಾಗಲೆಂದು ಮಾಟ ಮಾಡಿದ್ದೀರಿ ಎಂದುಕೊಂಡೆ. ಹೆದರಿ ಬಿಸಾಕಿದೆ. ಅದನ್ನೇ ಫೋನಿನಲ್ಲಿ ಒಬ್ಬರಿಗೆ ಹೇಳಿದೆ, ಅವರು ಊರಿಗೆ ಹೇಳಿದರು. ಮಕ್ಕಳು ನಿಮ್ಮ ಮನೆಗೆ ಬಾರದಿರುವುದು ಮಿಠಾಯಿಯಿಂದಲ್ಲ, ನನ್ನಿಂದ."

ಆಕೆ ಮಾಟ ಎಂಬುದಕ್ಕೆ ಅಕ್ಕ ಬಳಸಿದ ಇಂಗ್ಲಿಷ್ ಮಾತನ್ನು ತಾವೂ ಒಮ್ಮೆ ಮೆಲ್ಲನೆ ಹೇಳಿನೋಡಿದರು. ಆಮೇಲೆ ಕೇಳಿದರು:

"ಮರುದಿನ ನಾನು ಬಂದು ಹಬ್ಬದ ಬಗ್ಗೆ ಹೇಳಿದೆನಲ್ಲ. ಆಗ ಹೋಯಿತೇ ಹೆದರಿಕೆ?"

ಹೌದು ಎಂದುಬಿಡುತ್ತಾರೆ ಎಂದು ನಾನು ಕಾದೆ. ನಾನೂ ಹಾಗೆಂದೇ ನಂಬಿದ್ದೆ.

"ಇಲ್ಲ" ಎಂದರು ಅಕ್ಕ.

"ಎಲ್ಲಿಯವರೆಗೆ ಇತ್ತು?"

"ಮಗು ಹುಟ್ಟುವವರೆಗೆ."

"ಆ ಉಂಡೆ?"

"ಬಿಸಾಕಿದೆ. ಮಗಳಿಗೆ ಕೊಡಲಿಲ್ಲ."

"ಹಳದಿ ಟೋಪಿ?"

"ಅದನ್ನೂ."

"ನಾನು ಮಗುವನ್ನು ಮೊದಲ ಸಲ ಎತ್ತಿಕೊಂಡಾಗ?"

"ಆಗ ಹೆದರಿಕೆ ಇರಲಿಲ್ಲ" ಎಂದರು ಅಕ್ಕ. "ನಾಚಿಕೆ ಮಾತ್ರ ಇತ್ತು."

ಆಗಲೇ ಅಡುಗೆಮನೆಯಿಂದ ಹುಡುಗಿ "ಗ್ರ್ಯಾನ್, ಲುಕ್!" ಎಂದು ಕೂಗಿದಳು. ಇಬ್ಬರೂ ಒಟ್ಟಿಗೇ ತಿರುಗಿದರು. ಎದ್ದು ಹೋದವರು ಆಕೆ. ಮಗು ಮಡಿಸಿದ್ದನ್ನು ನೋಡಿ, ಹೊಗಳಿ, ಹಿಂದಿರುಗಿ ಬಂದು ಬಾಗಿಲ ಬಳಿ ನಿಂತರು. "ಇವತ್ತು ನೀವು ಹೋಗಿ. ಮಗು ಇಲ್ಲಿ ಊಟ ಮಾಡಿಕೊಂಡು ಬರುತ್ತಾಳೆ."

ಹೊರಗೆ ಬಂದ ಮೇಲೆ ನಾನು ತಡೆಯಲಾರದೆ ಕೇಳಿದೆ. "ಉಂಡೆ, ಟೋಪಿ ಅದನ್ನೆಲ್ಲ ಯಾಕೆ ಹೇಳಿದ್ರಿ ಅಕ್ಕ? ಅಷ್ಟು ಹೇಳ್ಲಿಕ್ಕೆ ಉಂಟಾ?"

"ಆಕಿ ಕೇಳಿದ್ಲಲ್ಲವಾ" ಎಂದರು.

ಅಕ್ಕ ಅಷ್ಟಕ್ಕೇ ಬಿಡಲಿಲ್ಲ. ಕನ್ನಡಿಗರು ಮುಂದಿನ ಸಲ ಸೇರಿದಾಗ ಮೈಕು ಇಸಿದುಕೊಂಡು, ಆ ಹೆಂಗಸಿನ ಬಗ್ಗೆ ನೀವು ಕೇಳಿದ್ದು ಸುಳ್ಳು, ಹುಟ್ಟಿಸಿದವಳು ನಾನು, ನನ್ನ ತಲೆ ಕೆಟ್ಟಿತ್ತು ಎಂದು ಇದ್ದದ್ದು ಇದ್ದಂತೆ ಹೇಳಿದರು. ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಮೂಢನಂಬಿಕೆಯ ವಿರುದ್ಧ ಡಾಕ್ಟರು ಎಂಥ ಒಳ್ಳೆಯ ಕಥೆ ಕಟ್ಟಿ ಹೇಳಿದರು ಎಂದು ಸಂಘದ ಅಧ್ಯಕ್ಷರು ಶಾಲು ಹೊದಿಸಲು ಬಂದರು. ಅಕ್ಕ ಶಾಲನ್ನು ಕುರ್ಚಿಯ ಮೇಲೆ ಬಿಟ್ಟು ಎದ್ದುಹೋದರು. ಆದರೂ ಮುಂದಿನ ಹ್ಯಾಲೋವೀನಿಗೆ ಕೆಲವು ಮಕ್ಕಳು ಆಕೆಯ ಬಾಗಿಲಿಗೆ ಹೋದರಂತೆ.

ಪಕ್ಕದ ಮನೆಯಾಕೆ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಅಕ್ಕನಿಗೆ ಹಗುರವಾಗುತ್ತಿತ್ತೇನೋ. ಗುಡ್ ಮಾರ್ನಿಂಗ್, ಇವತ್ತು ಚಳಿ, ಇವತ್ತು ಬಿಸಿಲು. ಮೊಮ್ಮಗಳ ಮೇಲಿನ ಪ್ರೀತಿ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ಮುಂದಿನ ಆಗಸ್ಟಿನಲ್ಲಿ ಅಕ್ಕ ಬದನೇಕಾಯಿ ಒಯ್ದಾಗ ಮಾತ್ರ, "ಥ್ಯಾಂಕ್ಯೂ, ನಾನೇ ತಂದಿದ್ದೇನೆ" ಎಂದರು. ಆ ಸಂಜೆ ನಾನು ಅಲ್ಲೇ ಇದ್ದೆ. ಬೆಲ್ ಆಯಿತು. ಅಕ್ಕ ಬಾಗಿಲು ತೆರೆದರೆ ಆಕೆ ಬೆಂಕಿಪೊಟ್ಟಣ ಹಿಡಿದು ನಿಂತಿದ್ದಾರೆ.

"ಇಲ್ಲಿ ಬೆಂಕಿ ಹಚ್ಚಬಹುದೇ? ನಿಮಗೆ ಹೆದರಿಕೆಯಾಗುವುದಿಲ್ಲವೇ?"

ದನಿಯಲ್ಲಿ ಚುಚ್ಚು ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು. ಹೆದರುವ ನೆರೆಯವರಿದ್ದರೆ ಕೇಳಿ ಹಚ್ಚುವುದು ಮರ್ಯಾದೆ ಎಂದು ಆಕೆ ತೀರ್ಮಾನಿಸಿದ್ದರು. ಅಕ್ಕನ ಕತ್ತಿನವರೆಗೂ ಕೆಂಪೇರಿತು.

"ಇಲ್ಲ" ಎಂದರು. ಆಮೇಲೆ, "ನಾನೂ ಬಂದು ನಿಮ್ಮ ಜೊತೆ ನಿಲ್ಲಲೇ?" ಎಂದರು.

ಆಕೆ ಯೋಚಿಸಿದರು. "ಈ ವರ್ಷ ಬೇಡ" ಎಂದರು.

ಅಕ್ಕ ಬಾಗಿಲು ಹಾಕಿ, ಅದರ ಮಂಜು ಗಾಜಿನ ಹಿಂದೆ ಕಡ್ಡಿ ಉರಿದು ಆರುವವರೆಗೆ ನಿಂತಿದ್ದರು. ಅಲ್ಲಿಂದ ಮುಂದೆ ಪ್ರತಿ ಆಗಸ್ಟಿನಲ್ಲೂ ಆಕೆ ಬಂದು ಆ ಪ್ರಶ್ನೆ ಕೇಳಿದರು, ಅಕ್ಕ ತಮ್ಮ ಪ್ರಶ್ನೆ ಕೇಳಿದರು, ಈ ವರ್ಷ ಬೇಡ ಎಂಬ ಉತ್ತರ ಬಂತು. ನನಗೆ ಸಿಟ್ಟು ಬರುತ್ತಿತ್ತು. ಎಷ್ಟು ವರ್ಷ ಹೀಗೆ, ಇನ್ನು ಕೇಳಬೇಡಿ ಎಂದು ಅಕ್ಕನಿಗೆ ಹೇಳಿದೆ. "ಬ್ಯಾಡ ಅನ್ನೋ ಹಕ್ಕ ಆಕಿದು. ಕೇಳೂದು ನನ್ನ ಕೆಲಸ" ಎಂದರು. ಕಳೆದ ವರ್ಷ ಅಕ್ಕನಿಗೂ ಅದೇ ಕೆಟ್ಟ ರೋಗ ಬಂದು ಮೈಯೆಲ್ಲ ಹರಡಿತ್ತು, ನಿಲ್ಲಲು ಆಗುತ್ತಿರಲಿಲ್ಲ. ಆದರೂ ಕುರ್ಚಿಯನ್ನು ಬಾಗಿಲ ಬಳಿ ಹಾಕಿಸಿಕೊಂಡು ಕೂತು ಕೇಳಿದರು. ಆಕೆ ಆ ಸಲ ಬಹಳ ಹೊತ್ತು ತೆಗೆದುಕೊಂಡರು. ಆಮೇಲೆ ತಲೆಯಾಡಿಸಿ, ಈ ವರ್ಷ ಬೇಡ ಎಂದೇ ಹೇಳಿದರು.

ಮೊನ್ನೆ ಆಗಸ್ಟಿನಲ್ಲಿ ಅಕ್ಕನ ಬಟ್ಟೆಬರೆ ತೆಗೆದಿಡಲು ಅವರ ಮಗಳಿಗೆ ಕೈಜೋಡಿಸೋಣ ಎಂದು ಕೆಂಟನ್ನಿಗೆ ಹೋಗಿದ್ದೆ. ಸಂಜೆ ಬೆಲ್ ಆಯಿತು. ಮಗಳು ಮೇಲಿದ್ದಳು, ನಾನೇ ಬಾಗಿಲು ತೆರೆದೆ. ಆಕೆ ನಿಂತಿದ್ದರು, ವಯಸ್ಸಾಗಿ ಬೆನ್ನು ಬಾಗಿದೆ.

"ಇಲ್ಲಿ ಬೆಂಕಿ ಹಚ್ಚಬಹುದೇ? ನಿಮಗೆ ಹೆದರಿಕೆಯಾಗುವುದಿಲ್ಲವೇ?"

"ಇಲ್ಲ" ಎಂದೆ.

ಆಕೆ ಬಗ್ಗಲಿಲ್ಲ. ಬೆಂಕಿಪೊಟ್ಟಣ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತ ನಿಂತರು. ಅಕ್ಕ ಕೇಳುತ್ತಿದ್ದ ಪ್ರಶ್ನೆ ಬರಬೇಕು ಎಂದು ಕಾಯುತ್ತಿದ್ದಾರೆ ಎಂದು ನನಗೆ ತಿಳಿಯಿತು. ಕೇಳಿದ್ದರೆ ಈ ವರ್ಷ ಏನು ಹೇಳುತ್ತಿದ್ದರೋ ಗೊತ್ತಿಲ್ಲ. ಆದರೆ ಗ್ರಹಣದ ವರ್ಷದ ಆ ಸಂಜೆ ಅರಿಶಿನದ ನೀರು ಹೊತ್ತು ತಂದ ಕೈ ನನ್ನದು. ಅಕ್ಕ ಆಕೆಯ ಎದುರು ನಿಂತು ಎಲ್ಲವನ್ನೂ ನಾನು, ನಾನು ಎಂದು ತಮ್ಮ ಮೇಲೆ ಹಾಕಿಕೊಂಡಾಗ, ಪಕ್ಕದಲ್ಲೇ ಇದ್ದು ನಾನು ತುಟಿ ಬಿಚ್ಚಿರಲಿಲ್ಲ. ಆಮೇಲೆ ಇಷ್ಟು ವರ್ಷಗಳಲ್ಲೂ ಬಿಚ್ಚಲಿಲ್ಲ. ಎಲ್ಲ ಹೇಳಿಕೊಂಡಿದ್ದ ಅಕ್ಕ ಕೇಳಬಹುದಾಗಿತ್ತು. ಕೇಳಲು ನನಗೆ ಮುಖವಿರಲಿಲ್ಲ.

ಆಕೆ ಇನ್ನೂ ಸ್ವಲ್ಪ ಕಾದರು. ಆಮೇಲೆ ಮೊಣಕಾಲಿಗೆ ಕೈಕೊಟ್ಟು ನಿಧಾನವಾಗಿ ಮೆಟ್ಟಿಲ ಮೇಲೆ ಕೂತು ಕಡ್ಡಿ ಗೀರಿದರು. ನಾನು ಮೆಲ್ಲನೆ ಬಾಗಿಲು ಹಾಕಿಕೊಂಡೆ.